ಮೆಟ್ಟುಗಾಲು ಹಕ್ಕಿಗೆ ಕಾವಲು ನಿಂತ ಶಾರದಕ್ಕ

ಇನ್ನೂ ಬಿಸಿಲು ಏರಿಲ್ಲ. ವಡೋದರಾದ ಮಂಜಲ್‌ಪುರದ ಉದ್ಯಾನದ ಕೆರೆಯಂಚಿನಲ್ಲಿ ಶಾರದಾ ಶೇರಿಗಾರ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಟ್ಟೆಯಡಿಯಾಗಿ ಮಲಗಿದ್ದಾರೆ. ಕೆಳಗೆ ಅಕ್ಕಿಯ ಖಾಲಿ ಗೋಣಿ, ಕಣ್ಣಿಗೆ ಕ್ಯಾಮೆರಾ. ಎದುರಿನ ತೆಳುನೀರಿನಲ್ಲಿ ಕಡ್ಡಿಯಂಥ ಕೆಂಪು ಕಾಲುಗಳ ಮೆಟ್ಟುಗಾಲು ಹಕ್ಕಿಯೊಂದು ಹುಳು ಹುಡುಕುತ್ತಾ ನಡೆದಿದೆ. ವಾಕಿಂಗಿಗೆ ಬಂದ ಹಿರಿಯರೊಬ್ಬರು ಗಾಬರಿಯಿಂದ, "ಬೆನ್, ಬಿದ್ದುಬಿಟ್ಟಿರಾ?" ಎಂದು ಗುಜರಾತಿಯಲ್ಲಿ ಅಕ್ಕನೆಂದು ಕರೆದು ಕೇಳುತ್ತಾರೆ. ಶಾರದಾ ತಲೆಯೆತ್ತದೆ ಕೈ ಅಲ್ಲಾಡಿಸುತ್ತಾರೆ.

ಇನ್ನು ಸ್ವಲ್ಪ ಹೊತ್ತಿಗೆ ಅವರು ಪಕ್ಕದ ರಸ್ತೆಯ ಪುಟ್ಟ ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದಿರಬೇಕು. ಗಲ್ಲಾದಲ್ಲಿ ಪತಿ ಕೇಶವ, ಒಳಗೆ ಶಾರದಾ. ಮಕರಪುರದ ಕಾರ್ಖಾನೆಗಳಿಗೆ ಹೋಗುವವರ ಬೆಳಗಿನ ತಿಂಡಿ ಇವರ ಕೈಯಲ್ಲೇ. ಮದುವೆಯಾಗಿ ಕುಂದಾಪುರದ ಕಡೆಯಿಂದ ಬಂದವರು ಇಪ್ಪತ್ತಾರು ವರ್ಷಗಳಿಂದ ಈ ಒಲೆ ಬಿಟ್ಟು ಅಲ್ಲಾಡಿದವರಲ್ಲ. ಕೆಲವು ವರ್ಷಗಳ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡಾಗ ಮಾತ್ರ ಡಾಕ್ಟರು ಒಂದು ತಿಂಗಳು ಹೊಗೆಯಿಂದ ದೂರವಿರಿ ಎಂದಿದ್ದರು. ಹಾಗೆ ಬೆಳಿಗ್ಗೆ ನಡೆಯಲು ಕೆರೆಗೆ ಬಂದರು, ಈ ಹಕ್ಕಿಯನ್ನು ಕಂಡರು.

"ಅಷ್ಟು ವರ್ಷ ಇಲ್ಲೇ ಇದ್ದರೂ ಕೆರೆಯಲ್ಲಿ ಹಕ್ಕಿ ಉಂಟು ಅಂತಲೇ ಗೊತ್ತಿರಲಿಲ್ಲ ಮಾರಾಯ್ರೆ. ಆ ದಿನ ಕಂಡದ್ದನ್ನು ಯಾರಿಗೆ ಹೇಳುದು? ಹೇಳಿದರೆ ಇವರು ನಗುದು. ಅದಕ್ಕೆ ಫೋಟೋ ತೆಗಿವ ಅಂತ ಹೊರಟೆ," ಎನ್ನುತ್ತಾರೆ. ಮಗಳು ಅಕ್ಷತಾ ಹಳೆಯ ಕ್ಯಾಮೆರಾವೊಂದನ್ನು ಹುಡುಕಿ ಕೊಡಿಸಿದಳು. ಮೊದಲ ವರ್ಷ ಬಂದದ್ದೆಲ್ಲ ಬರೀ ಮಸುಕು. ಹಕ್ಕಿ ಹಾರಿಹೋದ ಮೇಲಿನ ನೀರು.

ಕಳೆದ ವರ್ಷ ಮೇ ತಿಂಗಳಲ್ಲಿ ಒಂದು ಜೋಡಿ ಮೆಟ್ಟುಗಾಲು ಹಕ್ಕಿ ಕೆರೆಯ ಮೂಲೆಯ ಕೆಸರುದಿಬ್ಬದಲ್ಲಿ ನಾಲ್ಕು ಮೊಟ್ಟೆ ಇಟ್ಟಿತು. ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಗಂಡು ಹೆಣ್ಣು ಸರದಿಯಲ್ಲಿ ಕಾವಿಗೆ ಕೂರುವುದನ್ನು ಶಾರದಾ ದೂರದಿಂದ ದಿನವೂ ಸೆರೆಹಿಡಿಯುತ್ತಿದ್ದರು. ಒಂದು ಬೆಳಿಗ್ಗೆ ಮಳೆಗಾಲಕ್ಕೆ ಮುಂಚೆ ಹೂಳೆತ್ತಲು ಜೆಸಿಬಿ ಬಂತು. ನೇರ ಆ ಮೂಲೆಗೇ ಇಳಿಯತೊಡಗಿತು. ಶಾರದಾ ಓಡಿ ಹೋಗಿ ಅದರ ಎದುರು ನಿಂತರು.

"ಬೆನ್, ಹಟೀ ಜಾವ್!" ಸರಿಯಿರಿ ಎಂದು ಚಾಲಕ ಕೂಗಿದ. ಶಾರದಾ ಕ್ಯಾಮೆರಾ ಎತ್ತಿ ಅದರ ಪರದೆಯನ್ನು ಅವನ ಮುಖಕ್ಕೆ ಹಿಡಿದರು. ಅವನು ಚಿತ್ರವನ್ನು ನೋಡಿದ, ದಿಬ್ಬವನ್ನು ನೋಡಿದ, ಯಂತ್ರ ನಿಲ್ಲಿಸಿದ. ಮೇಲ್ವಿಚಾರಕ ಹಿತೇಶ್‌ಭಾಯ್ ಮಾತ್ರ ಒಪ್ಪಲಿಲ್ಲ. ಮಳೆ ಬಂದರೆ ಕೆಲಸ ಕೆಡುತ್ತದೆ, ಹಕ್ಕಿ ಮತ್ತೆ ಮೊಟ್ಟೆ ಇಡುತ್ತದೆ ಎಂದರು.

"ನಾನು ಇಲ್ಲಿಂದ ಕದಲುದಿಲ್ಲ ಅಂದೆ. ಗೋಣಿ ಹಾಸಿ ಅಲ್ಲೇ ಕೂತುಬಿಟ್ಟೆ," ಎಂದು ಶಾರದಾ ಈಗ ನಗುತ್ತಾರೆ.

ಅತ್ತ ಹೋಟೆಲಿನಲ್ಲಿ ಕಾವಲಿ ತಣ್ಣಗೆ ಕೂತಿತ್ತು. ಕೇಶವ ಸಿಟ್ಟಿನಲ್ಲೇ ಕೆರೆಗೆ ಬಂದರು. "ಎಂತ ಶಾರದಾ ಇದು? ಅಲ್ಲಿ ಜನ ಕಾಯ್ತಾ ಇದ್ದಾರೆ!"

"ಇಲ್ಲಿಯೂ ಒಬ್ಬಳು ಕಾಯ್ತಾ ಇದ್ದಾಳೆ, ನೋಡಿ," ಎಂದು ಶಾರದಾ ಗೂಡಿನತ್ತ ಬೆರಳು ತೋರಿದರು.

ಯಂತ್ರದ ಸದ್ದಿಗೆ ಹಾರಿದ್ದ ಹಕ್ಕಿ ಆಗಷ್ಟೇ ಮರಳಿ ಬಂದು, ಉದ್ದ ಕಾಲುಗಳನ್ನು ಮಡಚಿ ಮೊಟ್ಟೆಗಳ ಮೇಲೆ ಕೂರುತ್ತಿತ್ತು. ಕೇಶವ ಅದನ್ನು ನೋಡಿ, ಹೋಟೆಲಿಗೆ ಹಿಂತಿರುಗಿ, "ಇವತ್ತು ದೋಸೆ ಇಲ್ಲ, ನನ್ನ ಹೆಂಡತಿ ಕೆರೆಯಲ್ಲಿದ್ದಾಳೆ, ಬನ್ನಿ," ಎಂದು ಗಿರಾಕಿಗಳನ್ನೇ ಕರೆತಂದರು. ಕಾರ್ಖಾನೆಯವರು, ಬ್ಯಾಂಕಿನವರು, ರಿಕ್ಷಾದವರು ದೂರದ ಬೇಲಿಯಾಚೆ ಸಾಲಾಗಿ ನಿಂತರು. ಯಾರೂ ಘೋಷಣೆ ಕೂಗಲಿಲ್ಲ. ಕೂಗಿದರೆ ಹಕ್ಕಿ ಏಳುತ್ತದೆಂದು ಶಾರದಾ ಮೊದಲೇ ಎಚ್ಚರಿಸಿದ್ದರು. ಆ ಮೌನದ ಎದುರು ಹಿತೇಶ್‌ಭಾಯ್ ಫೋನ್ ತೆಗೆದರು. ಮೇಲಿನವರೊಂದಿಗೆ ಮಾತಾಡಿ, ಆಚೆ ದಂಡೆಯಿಂದ ಕೆಲಸ ಶುರು ಮಾಡಿಸಿದರು. ಮೂಲೆ ಉಳಿಯಿತು.

ಜೂನ್ ಮೊದಲ ವಾರ ಮರಿಗಳು ಹೊರಬಂದವು. ಹತ್ತಿಯುಂಡೆಯಂಥವು ಅಂದೇ ನೀರಂಚಿಗೆ ನಡೆದವು. ಮರಿಗಳ ಮೊದಲ ಚಿತ್ರ ನೋಡಲು ಹೋಟೆಲಿಗೆ ಬಂದವರಲ್ಲಿ ಹಿತೇಶ್‌ಭಾಯ್ ಕೂಡ ಇದ್ದರು, ಹೆಂಡತಿಯ ಜೊತೆಗೆ. ಈ ವರ್ಷ ಆ ಮೂಲೆಯನ್ನು ಯಾರೂ ಮುಟ್ಟಿಲ್ಲ. ಈಗ ಅಲ್ಲಿ ಐದು ಗೂಡುಗಳಿವೆ.

ಕಳೆದ ತಿಂಗಳು ಅಹಮದಾಬಾದಿನ ಛಾಯಾಚಿತ್ರ ಪ್ರದರ್ಶನವೊಂದಕ್ಕೆ ಶಾರದಾರ ಚಿತ್ರಗಳು ಆಯ್ಕೆಯಾದವು. ತಾಯಿಹಕ್ಕಿಯ ರೆಕ್ಕೆಯಡಿಯಿಂದ ನಾಲ್ಕು ಮರಿಗಳ ಎಂಟು ಕಾಲುಗಳು ಇಣುಕುವ ಚಿತ್ರದ ಮುಂದೆ ಜನ ಗುಂಪುಗೂಡಿದರು. ಚಿತ್ರದ ಕೆಳಗೆ ಪರಿಚಯ ಬರೆಯಲು ಸಂಘಟಕರು ಕೇಳಿದಾಗ ತಾಯಿ ಮಗಳ ನಡುವೆ ಸಣ್ಣ ಜಗಳವೇ ಆಗಿತ್ತಂತೆ.

"ಅಮ್ಮ, ಓನ್ಲಿ ಫೋಟೋಗ್ರಾಫರ್ ಬರೀತೇನೆ. ಹೋಟೆಲ್ ಯಾಕೆ, ಛೋಡ್ ನಾ," ಎಂದಿದ್ದಳು ಅಕ್ಷತಾ.

ಶಾರದಾ ಬಿಡಲಿಲ್ಲ. "ದೋಸೆ ಹೊಯ್ಯುವವಳು ಅಂತಲೂ ಬರಿ, ಫೋಟೋ ತೆಗಿಯುವವಳು ಅಂತಲೂ ಬರಿ. ಎರಡೂ ನಾನೇ ಕಲಿತದ್ದು, ಎರಡೂ ನನಗೆ ಚಂದ ಬರ್ತದೆ."