ವೆಬ್‌ಸೈಟ್ ಭಾವನದು, ಫೋನ್ ನಂಬರ್ ಮುರಳಿಯದು

ನಮ್ಮ ಭಾವನ ವೆಬ್‌ಸೈಟ್ ಕೆಲವು ತಿಂಗಳಿಂದ ಅವರ ಶತ್ರುವಿಗೆ ಊಟದ ಆರ್ಡರ್ ಹಿಡಿದುಕೊಡುತ್ತಿತ್ತು.

ಹೌದು, ಸರಿಯಾಗಿಯೇ ಓದಿದಿರಿ. ಭಾವ ಎಂದರೆ ನನ್ನ ಯಜಮಾನರ ಅಣ್ಣ, ಗೋಪಿನಾಥ. ಚೆನ್ನೈನ ಅಡ್ಯಾರಿನಲ್ಲಿ ಅವರದು ಮದುವೆ, ಮುಂಜಿಗಳಿಗೆ ಅಡುಗೆ ಮಾಡಿಸಿಕೊಡುವ ಕೇಟರಿಂಗ್ ವ್ಯವಹಾರ. ಮುರಳಿ ಎಂಬಾತ ಪಾರ್ಟ್‌ನರ್ ಆಗಿದ್ದ. ಇಬ್ಬರಿಗೂ ಜಗಳವಾಯಿತು. ಮುರಳಿ ಪೋರೂರಿಗೆ ಹೋಗಿ ಸ್ವಂತ ಕೇಟರಿಂಗ್ ಶುರುಮಾಡಿದ. ಪಾತ್ರೆ, ಒಲೆ, ಅಡುಗೆಯವರು ಎಲ್ಲ ಪಾಲಾಯಿತು. ವೆಬ್‌ಸೈಟ್ ಭಾವನ ಪಾಲಿಗೆ ಬಂತು. ಅದರಲ್ಲಿದ್ದ ಮೊಬೈಲ್ ನಂಬರ್ ಮಾತ್ರ ಮುರಳಿಯದು, ಅದನ್ನು ಯಾರೂ ಗಮನಿಸಲಿಲ್ಲ.

ಗೊತ್ತಾಗಿದ್ದು ಒಂದು ಮುಂಜಿ ಮನೆಯಲ್ಲಿ. ಹಳೆಯ ಗಿರಾಕಿಯೊಬ್ಬರು ಭಾವನ ಕೈ ಕುಲುಕಿ, "ತೈ ಮಾಸದಲ್ಲಿ ಮಗಳ ಮದುವೆ, ನಿಮಗೇ ಕೊಟ್ಟಿದೀವಿ. ವೆಬ್‌ಸೈಟ್ ನೋಡಿ ಫೋನ್ ಮಾಡಿದ್ವಿ. ನಿಮ್ಮ ಪಾರ್ಟ್‌ನರ್ ಎಷ್ಟು ಚೆನ್ನಾಗಿ ಮಾತಾಡ್ತಾರೆ" ಎಂದರಂತೆ. ಭಾವ ಊಟಕ್ಕೂ ನಿಲ್ಲದೆ ಮನೆಗೆ ಬಂದು ವೆಬ್‌ಸೈಟ್ ತೆರೆಸಿ ನೋಡಿದರು.

ಚೆನ್ನೈನಲ್ಲಿ ತೈ ಮಾಸವೆಂದರೆ ಮದುವೆಗಳ ಸುಗ್ಗಿ. ಆ ಒಂದು ಸೀಸನ್ ಕೈತಪ್ಪಿದರೆ ಉಳಿದಿರುವ ಅಡುಗೆಯವರೂ ಕೈತಪ್ಪುತ್ತಾರೆ (ಎಲ್ಲಿಗೆ ಹೋಗುತ್ತಾರೆ? ಪೋರೂರಿಗೆ). ಅಲ್ಲಿಗೆ ಭಾವ ಅಂಗಡಿ ಮುಚ್ಚಿದಂತೆಯೇ.

ಫೋನ್ ನನಗೆ ಬಂತು. "ಸುಧಾ, ನೀನು ಪೇಪರ್‌ಗೆಲ್ಲ ಬರೀತೀಯ, ಬ್ಲಾಗ್ ಬೇರೆ ಇಟ್ಟಿದೀಯ. ಈ ನಂಬರ್ ಒಂದು ಮಾತ್ತಿ ಕೊಡಮ್ಮ." (ಮಾತ್ತಿ ಎಂದರೆ ಬದಲಾಯಿಸಿ. ನಮ್ಮ ಮನೆಯ ಕನ್ನಡಕ್ಕೆ ಒಗ್ಗರಣೆ ತಮಿಳಿನದು.)

ಕಂಪ್ಯೂಟರ್ ಮುಂದೆ ಕೂತು ಬರೆಯುವವರಿಗೆಲ್ಲ ಕಂಪ್ಯೂಟರ್ ರಿಪೇರಿಯೂ ಗೊತ್ತಿರುತ್ತದೆ ಎಂದು ಈ ಜನಕ್ಕೆ ಹೇಳಿದವರು ಯಾರು? ನನ್ನ ಇನ್‌ಬಾಕ್ಸ್ ನೋಡಬೇಕು ನೀವು. ಸೀರೆ ಅಂಗಡಿಯವರ ವೆಬ್‌ಸೈಟಿನಲ್ಲಿ ಫೋಟೋ ತೆರೆಯುವುದಿಲ್ಲ (ಸೈಜ್ ಚಿಕ್ಕದು ಮಾಡಿ ಸ್ವಾಮಿ). ಟ್ಯೂಷನ್ ಮೇಡಂ ಹೊಸ ಟೈಮಿಂಗ್ ಹಾಕಿದರೂ ಹಳೆಯದೇ ಕಾಣುತ್ತದೆ (ಮೊದಲು ರಿಫ್ರೆಶ್ ಒತ್ತಿ, ಆಮೇಲೆ ಬೈಯಿರಿ). ಯಾರದೋ ಅಡುಗೆ ಬ್ಲಾಗಿನ ಕಾಮೆಂಟುಗಳಲ್ಲಿ ಬರೀ ತೂಕ ಇಳಿಸುವ ಮಾತ್ರೆಯ ಜಾಹೀರಾತು (ನನ್ನ ಬ್ಲಾಗಿಗೂ ಬರುತ್ತದೆ, ಏನು ಸೂಚನೆಯೋ). ಎಲ್ಲಕ್ಕೂ ಪರಿಹಾರವಿದೆ. ಪಾಸ್‌ವರ್ಡ್ ಗೊತ್ತಿದ್ದರೆ.

"ಪಾಸ್‌ವರ್ಡ್ ಏನು ಭಾವ?"

"ಅದೆಲ್ಲ ಆ ಬ್ರೌಸಿಂಗ್ ಸೆಂಟರ್‌ನವನು ಮಾಡಿಕೊಟ್ಟಿದ್ದು. ಈಗ ಅಲ್ಲಿ ಮೆಡಿಕಲ್ ಶಾಪ್ ಇದೆ."

ವೆಬ್‌ಸೈಟ್ ನಡೆಸಿಕೊಡುವ ಕಂಪನಿಗೆ ಫೋನ್ ಮಾಡಿದೆ. ಬೇಕಾದಷ್ಟು ಸಂಗೀತ ಕೇಳಿಸಿದ ಮೇಲೆ ಒಬ್ಬಾಕೆ ಸಿಕ್ಕಿದಳು. ಹೊಸ ಪಾಸ್‌ವರ್ಡನ್ನು ನೀವು ಕೊಟ್ಟಿದ್ದ ಇ-ಮೇಲ್‌ಗೆ ಕಳಿಸುತ್ತೇವೆ ಎಂದಳು, ಕಳಿಸಿಯೂ ಬಿಟ್ಟಳು. ಆ ಇ-ಮೇಲಿನ ಪಾಸ್‌ವರ್ಡ್ ಏನು? ಅದೂ ಗೊತ್ತಿಲ್ಲ. ಭಾವ ಅದನ್ನು ಒಂದು ದಿನವೂ ತೆರೆದು ನೋಡಿದವರಲ್ಲ. ಬೀಗದ ಕೈ ಬೀರುವಿನೊಳಗೆ, ಬೀರುವಿಗೆ ಬೀಗ.

ಪಾಸ್‌ವರ್ಡ್ ಮರೆತವರಿಗೆ ಇ-ಮೇಲ್ ಒಂದು ಪ್ರಶ್ನೆ ಕೇಳುತ್ತದೆ. ಸರಿಯುತ್ತರ ಕೊಟ್ಟರೆ ಒಳಗೆ ಬಿಡುತ್ತದೆ. ಭಾವನಿಗಿದ್ದ ಪ್ರಶ್ನೆ: ನಿಮ್ಮ ತಾಯಿಗೆ ಮದುವೆಗೆ ಮುಂಚೆ ಇದ್ದ ಹೆಸರೇನು?

(ಯಾವುದೋ ದೂರದೇಶದವರು ಯೋಚಿಸಿದ ಪ್ರಶ್ನೆ. ಅವರು ಕೇಳುತ್ತಿರುವುದು ತವರಿನ ಮನೆತನದ ಹೆಸರು. ನಮ್ಮವರಿಗೆ ಇರುವುದು ಬರೀ ಇನಿಶಿಯಲ್.)

ಭಾನುವಾರ ಅಣ್ಣಾ ನಗರದಿಂದ ಅಡ್ಯಾರಿಗೆ ಬಸ್ ಹಿಡಿದು ಹೋದೆ. ಹಾಲ್‌ನಲ್ಲಿ ಕಂಪ್ಯೂಟರ್, ಅದರ ಸುತ್ತ ಇಡೀ ಸಂಸಾರ. ಭಾವ ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ತಾತನ ಹೆಸರು. ತಪ್ಪು. ತಾತನ ಊರು. ತಪ್ಪು. "ಗೋತ್ರ ಹಾಕಿ ನೋಡೇ" ಎಂದರು ಓರಗಿತ್ತಿ ಮಾಲತಕ್ಕ. ಹಾಕಿದೆ. ಒಂದು ಗಂಟೆ ಬಿಟ್ಟು ಬನ್ನಿ ಎಂದು ಇ-ಮೇಲ್ ಮುಖಕ್ಕೆ ಬಾಗಿಲು ಹಾಕಿಕೊಂಡಿತು. ಭಾವ ಮುರಳಿಯನ್ನು ಬೈದರು, ಬ್ರೌಸಿಂಗ್ ಸೆಂಟರ್‌ನವನನ್ನು ಬೈದರು, ಕೊನೆಗೆ ನನ್ನನ್ನೂ ಬೈದರು. ನನಗೆ ರೇಗಿಹೋಯಿತು. ನಾನೇನು ಇವರ ಕೇಟರಿಂಗಿಗೆ ಪಾರ್ಟ್‌ನರೇ?

ಇಷ್ಟೂ ಹೊತ್ತು ನಮ್ಮತ್ತೆ ಪದ್ಮಾವತಮ್ಮ ಅದೇ ಹಾಲ್‌ನಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. ಸೆಕ್ಯುರಿಟಿ, ಆನ್ಸರ್, ರಿಸೆಟ್ ಎಂದು ನಾವು ಅವರ ತಲೆಯ ಮೇಲೆಯೇ ಕೂಗಾಡುತ್ತಿದ್ದೆವು. ಪ್ರಶ್ನೆ ಇದ್ದದ್ದು ಅವರ ಬಗ್ಗೆ. ಅವರನ್ನು ಕೇಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

"ಏನು ಬೇಕಂತೆ ಅದಕ್ಕೆ?" ಎಂದು ಕೊನೆಗೆ ಅವರೇ ಕೇಳಿದರು.

"ನಿಮ್ಮ ಹೆಸರು ಅತ್ತೆ. ಮದುವೆಗೆ ಮುಂಚಿಂದು."

"ಅದನ್ನ ಅವತ್ತೇ ಹೇಳಿದ್ನಲ್ಲ. ಕಣ್ಣಾಸ್ಪತ್ರೆಯಿಂದ ಬರೋವಾಗ ಇವನು ನನ್ನನ್ನೂ ಆ ಬ್ರೌಸಿಂಗ್ ಸೆಂಟರ್‌ನಲ್ಲಿ ಕೂಡಿಸಿ, ಫೋನ್ ಬಂತು ಅಂತ ಪೇಶಿಕೊಂಡು ಆಚೆ ಹೋದ. 'ಪಾಟಿ, ಕಲ್ಯಾಣಕ್ಕೆ ಮುಂಚೆ ನಿಮ್ಮ ಪೇರೇನು' ಅಂತ ನನ್ನ ಹೆಸರು ಕೇಳಿದ ಅಲ್ಲಿಯವನು. ನಳಿನಿ ಅಂದೆ. ಅದನ್ನೇ ಹಾಕಿಕೊಂಡ."

"ಯಾವ ನಳಿನಿ?" ಎಂದರು ಭಾವ.

"ನಾನೇ ಕಣೋ."

ನಮ್ಮ ಮಾಧ್ವರ ಮನೆಗಳಲ್ಲಿ ಹಿಂದೆ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹುಡುಗಿಗೆ ಹೊಸ ಹೆಸರು ಬರೆಯುತ್ತಿದ್ದರು. ಆ ಕ್ಷಣದಿಂದ ಅತ್ತೆಯ ಮನೆಯಲ್ಲಿ ಅವಳು ಬೇರೆ ಯಾರೋ. ನನ್ನ ಮದುವೆಯಲ್ಲೂ ತಟ್ಟೆ ಬಂದಿತ್ತು. "ಅವಳ ಹೆಸರು ಅವಳಿಗಿರಲಿ ಬಿಡಿ" ಎಂದು ಅದನ್ನು ವಾಪಸ್ ಒಳಗೆ ಕಳಿಸಿದವರು ಇದೇ ಅತ್ತೆ. ಎಷ್ಟು ಮಾಡರ್ನ್ ಅತ್ತೆ ಎಂದು ಎಲ್ಲರೂ ಹೊಗಳಿದರು. ಯಾಕೆ ಹಾಗಂದಿರಿ ಎಂದು ಯಾರೂ ಕೇಳಲಿಲ್ಲ. ಈಗ ಅದನ್ನು ನೆನೆದು ಸಂಕಟವಾಯಿತು.

ಗಂಟೆ ಕಳೆದ ಮೇಲೆ ನಳಿನಿ ಎಂದು ಟೈಪ್ ಮಾಡಿದೆ. ಥಟ್ಟನೆ ತೆರೆಯಿತು. ಮುರಳಿಯ ನಂಬರ್ ಹೋಗಿ ಭಾವನ ನಂಬರ್ ಬಂತು. ಮಗಳ ಮದುವೆಯವರು ಮುರಳಿಗೆ ಮಾತು ಕೊಟ್ಟಾಗಿತ್ತು, ಅದು ಹೋದ ಹಾಗೆಯೇ. ಆದರೆ ನಾನು ಕಾಫಿ ಮುಗಿಸುವುದರೊಳಗೆ ಸೀಮಂತದ ಊಟ ಕೇಳಿಕೊಂಡು ಭಾವನಿಗೆ ಒಂದು ಕಾಲ್ ಬಂತು. ಮನೆಗೆ ಜೀವ ಬಂತು. ಅತ್ತೆ ಬತ್ತಿಗಳನ್ನು ಡಬ್ಬಿಗೆ ತುಂಬಿ ಒಳಗೆ ಹೋದರು.

ನಾನು ಹೊರಡಲು ಎದ್ದೆ. "ಇರು ಸುಧಾ, ಮೊದಲು ಆ ಪ್ರಶ್ನೆ ಮಾತ್ತಿಬಿಡು" ಎಂದರು ಭಾವ. "ಮನೇಲಿ ಯಾರಿಗೂ ಗೊತ್ತಿಲ್ಲದ್ದು ಇಟ್ಕೊಂಡರೆ ಮತ್ತೆ ಇದೇ ಅವಸ್ಥೆ. ಎಲ್ಲರಿಗೂ ಗೊತ್ತಿರೋದು ಏನಾದರೂ ಹಾಕು."

ಇದ್ದ ಪ್ರಶ್ನೆಗಳಲ್ಲಿ ಹುಡುಕಿದೆವು. ಒಂದು ಸಿಕ್ಕಿತು: ನಿಮ್ಮ ಮೊದಲ ವಾಹನ ಯಾವುದು?

ಭಾವ ಬಾಯಿ ತೆರೆಯುವ ಮೊದಲೇ ಅವರ ಮಕ್ಕಳಿಬ್ಬರೂ ಆ ಸ್ಕೂಟರಿನ ಕಂಪನಿ, ಬಣ್ಣ, ರಿಜಿಸ್ಟ್ರೇಷನ್ ನಂಬರ್ ಎಲ್ಲವನ್ನೂ ತಮಿಳಿನಲ್ಲಿ ಪಟಪಟನೆ ಹೇಳಿದರು. ಅವರು ಹುಟ್ಟುವ ಮೊದಲೇ ಮಾರಿಹೋಗಿದ್ದ ಸ್ಕೂಟರ್ ಅದು.