ತಿರುಗಿ ನೋಡದಂತೆ ಕಲಿಸುವ ಸೋನುಬಾಯಿ

ಬೆಳಗಿನ ಆರು ಗಂಟೆ. ದಾಂಡೇಲಿ–ಹಳಿಯಾಳ ರಸ್ತೆ ಪಕ್ಕದ ನಾಯಿ ತರಬೇತಿ ಶಾಲೆಯ ಮೈದಾನದಲ್ಲಿ ಮಂಜು ಇನ್ನೂ ಕರಗಿಲ್ಲ. ಕಟ್ಟಿಗೆ ರಾಶಿಯ ಹಿಂದೆ ಬಕೆಟ್ಟು ಬೋರಲು ಹಾಕಿಕೊಂಡು ಸೋನುಬಾಯಿ ಅಡಗಿ ಕೂತಿದ್ದಾರೆ. ಕೂರುವ ಮುನ್ನ ಒಂದು ಚಿಟಿಕೆ ಬೂದಿ ತೂರಿ ಗಾಳಿ ಯಾವ ಕಡೆ ಹೋಗುತ್ತಿದೆ ಎಂದು ನೋಡಿಕೊಂಡಿದ್ದಾರೆ. ಅವರ ಮೈವಾಸನೆ ಮೈದಾನದತ್ತ ಹೋಗಬಾರದು. ಆಚೆ ಅವರ ತಮ್ಮನ ಮಗಳು ಕರಿಷ್ಮಾ, ಮೈನಾ ಎಂಬ ಕಂದು ಬಣ್ಣದ ನಾಟಿ ನಾಯಿಯನ್ನು ಓಡಿಸುತ್ತಿದ್ದಾಳೆ. ಮೈನಾ ಎರಡು ಅಡ್ಡಗೋಲು ಜಿಗಿಯುತ್ತದೆ, ಬಟ್ಟೆಯ ಕೊಳವೆಯ ಬಾಯಿಗೆ ಬಂದು ಗಕ್ಕನೆ ನಿಲ್ಲುತ್ತದೆ, ಕತ್ತು ತಿರುಗಿಸಿ ಹಿಂದೆ ಹುಡುಕುತ್ತದೆ. ಹುಡುಕುತ್ತಿರುವುದು ಸೋನುಬಾಯಿಯನ್ನು.

“ಈಗ ಕರಿಷ್ಮಾ ಏನೂ ಅನಬಾರದು,” ಎಂದು ಅವರು, ವರದಿಗೆಂದು ಬಂದು ಪಕ್ಕದಲ್ಲಿ ಕೂತ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. “ಅದು ತಾನ ಮುಂದ ನೋಡಬೇಕು. ನಾ ಇಲ್ಲಂತ ಅದಕ್ಕ ತಿಳೀಬೇಕ್ರಿ.”

ಅರ್ಧ ನಿಮಿಷ ಕಳೆಯುತ್ತದೆ. ಕೊನೆಗೆ ನಾಯಿ ಮುಂದಕ್ಕೆ ಮುಖ ಮಾಡುತ್ತದೆ. “ಹೂಂ, ಮುಂದ,” ಎನ್ನುತ್ತಾಳೆ ಕರಿಷ್ಮಾ. ಮೈನಾ ಕೊಳವೆಯೊಳಗೆ ನುಗ್ಗುತ್ತದೆ.

ನಾಯಿಗೂ ಒಂದು ಪಂದ್ಯವೇ ಎಂದು ಮೂಗು ಮುರಿಯುವವರು ಇದ್ದಾರೆ. ನಾನೂ ಮೂಗು ಮುರಿದುಕೊಂಡೇ ಬಂದವನು. ಅಡ್ಡಗೋಲು ಹಾರಬೇಕು, ಕೊಳವೆ ದಾಟಬೇಕು, ನೆಟ್ಟ ಹನ್ನೆರಡು ಕೋಲುಗಳ ನಡುವೆ ಸುಳಿದು ಬರಬೇಕು. ಓಡಿಸುವವರು ಪಕ್ಕದಲ್ಲಿ ಓಡಬಹುದು, ಮಾತಾಡಬಹುದು, ಮುಟ್ಟುವಂತಿಲ್ಲ. ಆಟ ಇಷ್ಟೇ. ಆದರೆ ಇದನ್ನು ಒಂದು ನಾಯಿಗೆ ಕಲಿಸಲು ವರ್ಷ ಹಿಡಿಯುತ್ತದೆ ಎಂದು ಇಲ್ಲಿಗೆ ಬರುವ ತನಕ ನನಗೆ ಗೊತ್ತಿರಲಿಲ್ಲ.

ಸೋನುಬಾಯಿಗೆ ಈಗ ನಲವತ್ತೊಂಬತ್ತು. ಸಿದ್ದಿ ಸಮುದಾಯದವರು. ತವರು ಜೋಯಿಡಾದ ಕುಂಬಾರವಾಡ ಕಡೆ, ಗಂಡನ ಮನೆ ತೇರಗಾಂವದ ಹತ್ತಿರ. ಹನ್ನೊಂದು ವರ್ಷದ ಹಿಂದೆ ನಾಯಿಗಳ ಗೂಡು ತೊಳೆಯುವ ಕೆಲಸಕ್ಕೆಂದು ಇಲ್ಲಿಗೆ ಬಂದರು. ಇಂದಿಗೂ ದಿನಕ್ಕೆ ಎರಡು ಸಲ ಹದಿನಾಲ್ಕು ಗೂಡು ತೊಳೆಯುತ್ತಾರೆ, ಹನ್ನೆರಡು ಕಿಲೋ ಅಕ್ಕಿಯ ಅನ್ನ ಬೇಯಿಸುತ್ತಾರೆ. ಅದರ ನಡುವೆಯೇ ಮೂವತ್ತೊಂದು ನಾಯಿಗಳನ್ನು ಪಂದ್ಯಕ್ಕೆ ತಯಾರು ಮಾಡಿದ್ದಾರೆ. ಅವುಗಳ ಪ್ರಮಾಣಪತ್ರದಲ್ಲಿ ಮಾಲೀಕರ ಹೆಸರಿದೆ, ಶಾಲೆಯ ಹೆಸರಿದೆ.

“ನಾನು ಬಾಯಿಮಾತಲ್ಲಿ ಹೇಳಿದೆ, ಕಲಿಸಿದ್ದೆಲ್ಲ ಅವರೇ,” ಎನ್ನುತ್ತಾರೆ ಶಾಲೆ ನಡೆಸುವ ಮಹಾಬಳೇಶ್ವರ. ಸೈನ್ಯದ ಶ್ವಾನದಳದಲ್ಲಿದ್ದು ನಿವೃತ್ತರಾದವರು. “ಬಂದ ಹೊಸದರಲ್ಲಿ ನಾಯಿಗಳು ನನ್ನ ಸೀಟಿ ಬಿಟ್ಟು ಇವರ ಬಕೆಟ್ಟಿನ ಸಪ್ಪಳಕ್ಕೆ ಎದ್ದು ನಿಲ್ಲುತ್ತಿದ್ದವು. ಆಗಲೇ ನಾನು ಸೀಟಿ ಕೆಳಗಿಟ್ಟೆ.”

ಆ ಮೂವತ್ತೊಂದರಲ್ಲಿ ಮೈನಾ ಇಲ್ಲ. “ಅವೆಲ್ಲಾ ಮಂದಿ ನಾಯಿರಿ. ಕಲ್ತ ಮ್ಯಾಲೆ ಕಾರ್ ಹತ್ತಿ ಹೋಗಿಬಿಡ್ತಾವು. ಇದೊಂದ ನಂದು,” ಎನ್ನುತ್ತಾರೆ ಸೋನುಬಾಯಿ. ಪಂದ್ಯದಲ್ಲಿ ಇದರ ಜೊತೆ ತಾವೇ ಓಡಬೇಕೆಂಬ ಆಸೆ ಇತ್ತು. ಕಳೆದ ವರ್ಷ ಮೊಣಕಾಲು ಸವೆದು ಡಾಕ್ಟರು ಓಡಬೇಡಿ ಎಂದುಬಿಟ್ಟರು. ಹಳಿಯಾಳದಲ್ಲಿ ಹೊಲಿಗೆ ಕೆಲಸ ಮಾಡುವ ಇಪ್ಪತ್ತೆರಡರ ಕರಿಷ್ಮಾ ಅತ್ತೆಯ ಬದಲಿಗೆ ನಿಂತಳು.

ನವೆಂಬರಿನಲ್ಲಿ ಹುಬ್ಬಳ್ಳಿಯ ಪಂದ್ಯಕ್ಕೆ ಹೋದರು. ಅಲ್ಲಿ ಆದ ತಪ್ಪನ್ನು ಗದ್ದೆ ಕಾಯುವವರು ಬಿಟ್ಟರೆ ಬೇರೆ ಯಾರೂ ಮಾಡಲಾರರು. ಸೋನುಬಾಯಿಯ ತವರಿನ ಕಡೆ ಭತ್ತ ತೆನೆಗಟ್ಟಿದಾಗ, ಮನೆಯವರು ಊಟಕ್ಕೆ ಹೋಗುವಾಗ ತಮ್ಮ ಹಳೆ ಸೀರೆ ತುಂಡೊಂದನ್ನು ಬದುವಿನ ಮೇಲೆ ಇಟ್ಟು ಹೋಗುತ್ತಾರೆ. ಅದರ ವಾಸನೆ ಇರುವ ತನಕ ನಾಯಿ ಆ ಜಾಗ ಬಿಟ್ಟು ಕದಲುವುದಿಲ್ಲ, ಹಂದಿಯನ್ನೂ ಬರಗೊಡುವುದಿಲ್ಲ. ಮೈನಾ ಮರಿಯಿದ್ದಾಗ ಮೊದಲು ಕಲಿತ ಪಾಠವೇ ಅದು. ಹೊಸ ಜಾಗದಲ್ಲಿ ನಾಯಿಗೆ ಧೈರ್ಯವಿರಲಿ ಎಂದು ಸೋನುಬಾಯಿ ತಮ್ಮ ಸೀರೆಯ ತುಂಡನ್ನು ಕರಿಷ್ಮಾಳ ಕೈಗೆ ಕೊಟ್ಟು ಮೈದಾನದೊಳಗೆ ಕಳಿಸಿದರು. ಅವಳು ಅದನ್ನು ಓಟ ಶುರುವಾಗುವ ಗೆರೆಯ ಬಳಿ ಇಟ್ಟಳು. ಮೈನಾ ಅದರ ಪಕ್ಕ ಕೂತಿತು. ಎಷ್ಟು ಕರೆದರೂ ಏಳಲಿಲ್ಲ. ಹೊತ್ತು ಮುಗಿದು ಸೀಟಿ ಊದಿದರು, ಜನ ಹೊಟ್ಟೆ ಹಿಡಿದು ನಕ್ಕರು.

“ಅದು ತಪ್ಪ ಮಾಡ್ಲಿಲ್ರಿ. ನಾ ಕಲಿಸಿದ್ದನ್ನ ಮಾಡ್ತು. ಊರ ನಾಯಿಗೆ ಇದೆಲ್ಲಾ ಎಲ್ಲಿ ಬರ್ತೈತಿ ಅಂದ್ರು ಅಲ್ಲಿ. ನಾ ಸಣ್ಣಾಕಿದ್ದಾಗ ಸಾಲ್ಯಾಗ ನನಗೂ ಹಂಗ ಅಂದಿದ್ರು,” ಎನ್ನುವಾಗ ಅವರ ದನಿಯಲ್ಲಿ ಸಿಟ್ಟಿಲ್ಲ. ನನಗೆ ಬಂತು.

ಪಂದ್ಯ ನಡೆಸುವವರ ನಿಯಮ ಕಟ್ಟುನಿಟ್ಟಾದದ್ದು. ಎರಡು ಸಲ ಓಡಲು ಒಪ್ಪದ ನಾಯಿಗೆ ಮೂರನೆಯ ಅವಕಾಶವಿಲ್ಲ. ಜನವರಿಯ ಧಾರವಾಡದ ಪಂದ್ಯದಲ್ಲೂ ಓಡದಿದ್ದರೆ ಮೈನಾಗೆ ಅದೇ ಕಡೆಯದು. ಅದಕ್ಕೆ ಇನ್ನು ಮೂರು ವಾರ ಉಳಿದಿದೆ. ಸೀರೆ ಕಾಯುವುದನ್ನು ನಾಯಿ ಮರೆತಿದೆ. ಒಡತಿಯನ್ನು ಹುಡುಕುವುದನ್ನು ಮರೆತಿಲ್ಲ. ಹಾಗಾಗಿ ಈಗ ಅನ್ನ ಹಾಕುವವಳು, ಮೈ ತಿಕ್ಕುವವಳು, ಮಲಗಿಸುವವಳು ಕರಿಷ್ಮಾ.

“ಐದು ವಾರ ಆತು, ನನ್ನ ಕೈಲೆ ಒಂದು ತುತ್ತೂ ಹಾಕಿಲ್ಲ. ಬಾಗಲಾ ಕೆರೀತೈತಿ. ಒಳಗ ಕುಂತು ಕೇಳತೇನಿ,” ಎನ್ನುತ್ತಾರೆ ಸೋನುಬಾಯಿ.

“ಅದು ಬಾಗಲಾ ಕೆರದ ದಿನ ಆತ್ಯಾ ಊಟಾನ ಮಾಡೂದಿಲ್ಲ,” ಎಂದು ಕರಿಷ್ಮಾ ನಡುವೆ ಬಾಯಿ ಹಾಕುತ್ತಾಳೆ. ಅತ್ತೆ ಅವಳನ್ನು ಕಣ್ಣಿನಲ್ಲೇ ಗದರುತ್ತಾರೆ.

ಮೂರು ವಾರದ ಬಳಿಕ ಧಾರವಾಡ, ಭಾನುವಾರ. ಮೈದಾನದ ಗೋಡೆಯ ಆಚೆ ನಿಲ್ಲಿಸಿದ ಟೆಂಪೊದಲ್ಲಿ ಗಾಜು ಏರಿಸಿಕೊಂಡು ಸೋನುಬಾಯಿ ಕೂತಿದ್ದಾರೆ. ಹನ್ನೊಂದು ವರ್ಷ ಕಲಿಸಿದವರಿಗೆ ತಮ್ಮದೇ ನಾಯಿಯ ಓಟ ನೋಡುವ ಭಾಗ್ಯವಿಲ್ಲ. ಒಳಗೆ ಕರಿಷ್ಮಾ ಗೆರೆಯ ಬಳಿ ಬಾಗಿ ಹಗ್ಗ ಬಿಚ್ಚುತ್ತಾಳೆ. ಮೈನಾ ಒಂದು ಕ್ಷಣ ಗಾಳಿ ಮೂಸುತ್ತದೆ. ಆಮೇಲೆ ಅದು ಓಡುತ್ತದೆ. ಒಂದು ಅಡ್ಡಗೋಲು ಬೀಳಿಸುತ್ತದೆ, ಕೊಳವೆ ದಾಟುತ್ತದೆ, ಕಡೆಯ ಗೆರೆಯನ್ನೂ ದಾಟುತ್ತದೆ. ಇಪ್ಪತ್ತಾರು ನಾಯಿಗಳಲ್ಲಿ ಒಂಬತ್ತನೆಯ ಸ್ಥಾನ.

ನಾನು ಟೆಂಪೊ ಕಡೆಗೆ ಓಡಿದೆ. ಸ್ಥಾನ ಎಷ್ಟನೆಯದೆಂದು ಅವರು ಕೇಳಲೇ ಇಲ್ಲ. “ತಿರುಗಿ ನೋಡ್ತೇನ್ರಿ?” ಎಂದರು.

“ಇಲ್ಲ, ಒಂದು ಸಲವೂ ಇಲ್ಲ,” ಎಂದೆ.

ಸೋನುಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತರು. ಸಂತೋಷಕ್ಕೋ ಸಂಕಟಕ್ಕೋ, ಕೇಳುವ ಧೈರ್ಯ ನನಗಾಗಲಿಲ್ಲ. ಫೋನಿನಲ್ಲಿ ತೆಗೆದ ವಿಡಿಯೊ ತೋರಿಸಿದೆ. “ಇದ್ರಾಗ ಇರುವಿ ಓಡಿದಂಗ ಕಾಣತೈತಿ,” ಎಂದು ಮರಳಿಸಿದರು.

ಇನ್ನೇನಾದರೂ ಆಸೆ ಇದೆಯೇ ಎಂದೆ. ಅವರು ಕಣ್ಣೊರೆಸಿಕೊಂಡು ಸ್ವಲ್ಪ ಯೋಚಿಸಿದರು.

“ಐತ್ರಿ. ಮುಂದಿನ ಸಲ ನಾ ಮೊದಲನೇ ಸಾಲಿನ್ಯಾಗ ಕುರ್ಚಿ ಹಾಕ್ಕೊಂಡು ಕುಂಡ್ರಬೇಕು. ಅದು ನನ್ನ ಮುಂದ ಹಾದು ಹೋಗಬೇಕು. ನಾ ಅಲ್ಲಿದ್ರೂ ನಿಲ್ಲದಂಗ ಹೋಗಬೇಕು.”