ಬಿಸಿಲು ಮಳೆಗೆ ಜಗ್ಗದ ಘೇಂಡಾಮೃಗ

ನಮ್ಮ ಭಾವನವರು, ಅಂದರೆ ನನ್ನ ಅಕ್ಕನ ಗಂಡ, ಬಣ್ಣದಂಗಡಿ ಇಟ್ಟುಕೊಂಡು ಬೀದಿಗೆಲ್ಲ ದೊಡ್ಡ ಮನುಷ್ಯರಾದವರು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜನ. ಡಬ್ಬಿಯ ತಳದ ಬಣ್ಣವನ್ನೂ ಕೆರೆದು ಕೆರೆದು ಇನ್ನೊಂದು ಡಬ್ಬಿಗೆ ತುಂಬಿಸುತ್ತಾರೆ. ಅಂಗಡಿಯ ಬೋರ್ಡಿನ ಮೇಲೆ 'ಬಿಸಿಲು ಮಳೆಗೆ ಜಗ್ಗದ ಬಣ್ಣ' ಎಂದು ಬರೆಸಿದ್ದಾರೆ.

ಇಂಥವರಿಗೆ ದಾನದ ಹುಚ್ಚು ಹತ್ತಿದ್ದಕ್ಕೆ ಕಾರಣವಿತ್ತು. ಮಕ್ಕಳ ಆಸ್ಪತ್ರೆಗೆ ಹೊಸ ವಾರ್ಡು ಕಟ್ಟಿಸಲು ವರ್ತಕರ ಸಂಘದವರು ಒಂದು ಉಪಾಯ ಹೂಡಿದರು. ಫೈಬರಿನ ದೊಡ್ಡ ದೊಡ್ಡ ಪ್ರಾಣಿಗಳನ್ನು ತರಿಸಿ, ಅಂಗಡಿಗೊಂದರಂತೆ ಹಂಚಿ, ಚಿತ್ರ ಬರೆಸಿ ಬೀದಿಯುದ್ದಕ್ಕೂ ನಿಲ್ಲಿಸುವುದು. ಕೊನೆಗೆ ಹರಾಜು ಹಾಕಿ ಬಂದದ್ದನ್ನು ಆಸ್ಪತ್ರೆಗೆ ಕೊಡುವುದು. ಪ್ರಾಣಿಯ ಮೇಲೆ ಅಂಗಡಿಯ ಹೆಸರು ಹಾಕಿಸಬಹುದು ಎಂದದ್ದೇ ತಡ, ಭಾವನವರ ಕಿವಿ ನೆಟ್ಟಗಾಯಿತು. ಅವರ ಪಾಲಿಗೆ ಘೇಂಡಾಮೃಗ ಬಂತು. ಚರ್ಮದ ದಪ್ಪ ನೋಡಿಯೇ ಕೊಟ್ಟಿರಬೇಕು.

ಚಿತ್ರಗಾರನನ್ನು ಕರೆಸಿದರೆ ಕೂಲಿ ಕೊಡಬೇಕಲ್ಲ! ಅಕ್ಕನನ್ನು ಕೂರಿಸಿದರು. ಮದುವೆಗೆ ಮುಂಚೆ ಅಕ್ಕ ಕಂಡಕಂಡಲ್ಲೆಲ್ಲ ಚಿತ್ರ ಬರೆಯುತ್ತಿದ್ದವಳು. ಆಮೇಲೆ ಅವಳ ಬ್ರಷ್ಷು ಡಬ್ಬಿಗಳ ಮೇಲೆ ಬೆಲೆ ಬರೆಯಲಿಕ್ಕಷ್ಟೇ ಆಯಿತು. ಈಗ ಗೋದಾಮಿನ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಊಟದ ಪರಿವೆಯೇ ಇಲ್ಲದೆ ಬರೆದಳು. ಘೇಂಡಾಮೃಗದ ಮೈಯ ಒಂದೊಂದು ಮಡಿಕೆಯೂ ನಮ್ಮ ಹಳೆಯ ಬಾಡಿಗೆ ಮನೆಯ ಒಂದೊಂದು ಮೂಲೆಯಾಯಿತು. ಪಕ್ಕೆಯ ಮೇಲೆ, ಹೊಲಿಗೆ ಯಂತ್ರದ ಮುಂದೆ, ಬಾಯಲ್ಲಿ ದಾರದ ತುಂಡು ಕಚ್ಚಿಕೊಂಡ ಅಮ್ಮ. ತೀರಿಹೋದ ಅಮ್ಮನದೊಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಹೊಟ್ಟೆಯ ಅಡಿಯಲ್ಲಿ, ಯಾರೂ ಬಗ್ಗಿ ನೋಡದ ಜಾಗದಲ್ಲಿ, ಒಂದೇ ಕಂಬಳಿ ಹೊದ್ದು ಮಲಗಿದ ಅಕ್ಕತಂಗಿ ನಾವಿಬ್ಬರು.

ಇಷ್ಟಕ್ಕೆಲ್ಲ ಭಾವನವರು ಕೊಟ್ಟದ್ದು ಮನೆಯೊಳಗಿನ ಗೋಡೆಗೆ ಬಳಿಯುವ ಡಿಸ್ಟೆಂಪರು. ಮಾರಾಟವಾಗದೆ ಗಟ್ಟಿಯಾಗಿದ್ದ ಹಳೇ ಮಾಲು. ನೀರು ಬೆರೆಸಿ ಬಳಿದದ್ದು, ಒಣಗಿದ ಮೇಲೂ ಸವರಿದರೆ ಕೈಗೆ ಬರುತ್ತಿತ್ತು.

"ರೀ, ಇದು ಒಂದು ಮಳೆಗೂ ನಿಲ್ಲಲ್ಲ. ಮೇಲೆ ಹೊಡೆಯೋಕೆ ಒಂದು ಡಬ್ಬಿ ವಾರ್ನಿಷ್ ಕೊಡಿ, ಸಾಕು" ಎಂದಳು ಅಕ್ಕ.

"ವಾರ್ನಿಷ್ ಇರೋದು ಗಿರಾಕಿಗಳಿಗೆ ಕಣೇ. ಹರಾಜಾದ್ರೆ ಮುಗೀತು, ಆಮೇಲೆ ಯಾರು ನೋಡ್ತಾರೆ?"

"ಅಮ್ಮ ಇದಾಳೆ ರೀ ಅದರಲ್ಲಿ."

"ನಿಮ್ಮಮ್ಮ ಬಂದು ಕೊಂಡ್ಕೋತಾಳಾ?"

ನನಗೆ ಮೈಯೆಲ್ಲ ಉರಿಯಿತು. "ಒಂದು ಡಬ್ಬಿಗೆ ನಿಮ್ಮ ಅಂಗಡಿ ಮುಳುಗಿಹೋಗುತ್ತಾ ಭಾವ?" ಎಂದೆ.

"ನೀನು ಸುಮ್ನಿರಮ್ಮ. ವ್ಯಾಪಾರ ನಿನಗೇನು ಗೊತ್ತು" ಎಂದು ಹಲ್ಲು ಕಿರಿದರು.

ಅದೇ ಭಾವನವರು ಮರುದಿನ ಬೋರ್ಡು ಬರೆಯುವವನನ್ನು ಕರೆಸಿ, ಕಪಾಟಿನಿಂದ ಒಳ್ಳೆಯ ಎನಾಮೆಲ್ ಇಳಿಸಿಕೊಟ್ಟರು. ಅವನು ಎರಡೂ ಪಕ್ಕೆಗಳಲ್ಲಿ ಬೇಕಾದಷ್ಟು ಜಾಗಕ್ಕೆ ಅಕ್ಕನ ಬಣ್ಣ ಉಜ್ಜಿ ತೆಗೆದು, ಅಂಗಡಿಯ ಹೆಸರನ್ನೂ ಅದರ ಕೆಳಗೆ 'ಬಿಸಿಲು ಮಳೆಗೆ ಜಗ್ಗದ ಬಣ್ಣ' ಎಂಬುದನ್ನೂ ಚಿನ್ನದ ಬಣ್ಣದಲ್ಲಿ ಬರೆದ. ಅಮ್ಮನ ಒಂದು ಮೊಣಕೈ ಹೋಯಿತು.

ಘೇಂಡಾಮೃಗವನ್ನು ಅಂಗಡಿಯ ಮುಂದೆ ನಿಲ್ಲಿಸಿಯಾಗಿತ್ತು. ಹರಾಜಿನ ಹಿಂದಿನ ದಿನ ಮಧ್ಯಾಹ್ನ ಮಳೆ ಬಂತು. ಅಕ್ಕ ಟಾರ್ಪಾಲು ಎಳೆದುಕೊಂಡು ಓಡಿದಳು, ಅವಳ ಹಿಂದೆ ನಾನು. ನಾವು ತಲುಪುವಷ್ಟರಲ್ಲಿ ಅಮ್ಮ ಚರಂಡಿ ಸೇರಿದ್ದಳು. ಬೀದಿಯ ಜಿರಾಫೆ, ಕರಡಿಗಳೆಲ್ಲ ಮೈ ತೊಳೆದುಕೊಂಡು ಹೊಳೆಯುತ್ತಿದ್ದವು. ನಮ್ಮದು ಬೋಳು ಬಿಳಿ. ಅದರ ಮೇಲೆ ಭಾವನವರ ಅಂಗಡಿಯ ಹೆಸರು, ಬಿಸಿಲು ಮಳೆಗೆ ಜಗ್ಗದ ಬಣ್ಣ, ಒಂದಕ್ಷರವೂ ಮಾಸಿರಲಿಲ್ಲ. ಎದುರಂಗಡಿಯಲ್ಲಿ ಬಣ್ಣ ಮಾರುವವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಭಾವನವರು ಹೌಹಾರಿದರು. ಎಂದೂ ಕೈ ಬಿಚ್ಚದವರು ಎನಾಮೆಲ್ಲು, ವಾರ್ನಿಷ್ಷು, ಹೊಸ ಬ್ರಷ್ಷು ಎಲ್ಲ ತಂದು ಅಕ್ಕನ ಮುಂದೆ ಸುರಿದರು.

"ಬೆಳಗಾಗೋದ್ರೊಳಗೆ ಏನಾದ್ರೂ ಬರೆದುಬಿಡೇ. ನನ್ನ ಮಾನ ಹೋಗುತ್ತೆ."

ಅಕ್ಕ ಡಬ್ಬಿಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. "ಹರಾಜಾದ್ರೆ ಮುಗೀತಲ್ಲ. ಆಮೇಲೆ ಯಾರು ನೋಡ್ತಾರೆ?" ಎಂದು ಒಳಗೆ ಹೋದಳು. ಮದುವೆಯಾದಾಗಿನಿಂದ ಅವಳು ಗಂಡನಿಗೆ ತಿರುಗಿ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು.

ಹರಾಜಿನಲ್ಲಿ ಘೇಂಡಾಮೃಗಕ್ಕೆ ಯಾರೂ ಬಾಯಿ ಬಿಡಲಿಲ್ಲ. ಸಂಘದ ಕಾರ್ಯದರ್ಶಿ ನಗು ನುಂಗಿಕೊಂಡು ಮತ್ತೆ ಮತ್ತೆ ಕೂಗಿದ. ಕಡೆಗೆ ಭಾವನವರೇ, ಹಲ್ಲುನೋವು ಬಂದವರ ಹಾಗೆ ಮುಖ ಮಾಡಿಕೊಂಡು, ತಮ್ಮದನ್ನು ತಾವೇ ಕೊಂಡರು. ಜೀವಮಾನದಲ್ಲಿ ಅವರು ಮಾಡಿದ ದಾನ ಅದೊಂದೇ. ಗೋದಾಮಿನಲ್ಲಿಟ್ಟರೆ ಮಾಲಿನ ಜಾಗ ತಿನ್ನುತ್ತದೆಂದು ಅದು ಈಗಲೂ ಅಂಗಡಿಯ ಮುಂದೆಯೇ ನಿಂತಿದೆ. ಒಳ್ಳೆಯ ಎನಾಮೆಲ್ ದಂಡವಾಗುತ್ತದೆಂದು ಹೆಸರು ಕೆರೆಸಲು ಅವರಿಗೆ ಮನಸ್ಸು ಬಾರದು. ಬಣ್ಣ ಕೊಳ್ಳಲು ಬಂದವರು ಅದನ್ನು ಓದಿ, ನಕ್ಕು, ಎದುರಂಗಡಿಗೆ ದಾಟುತ್ತಾರೆ.

ಹಾಗೆ ಮೊದಲು ದಾಟಿದವಳು ನನ್ನ ಅಕ್ಕ. ಹೊಟ್ಟೆಯ ಅಡಿಗೆ ಮಳೆ ತಗುಲಿರಲಿಲ್ಲ. ಕಂಬಳಿಯೊಳಗಿನ ಹುಡುಗಿಯರಿಬ್ಬರೂ ಹಾಗೇ ಇದ್ದರು. ಹರಾಜಿನ ಮರುದಿನ, ಭಾವನವರು ಗಲ್ಲಾದಲ್ಲಿ ಕೂತು ನೋಡುತ್ತಿದ್ದಂತೆಯೇ, ಅವಳು ಎದುರಂಗಡಿಗೆ ಹೋಗಿ ಒಂದು ಡಬ್ಬಿ ವಾರ್ನಿಷ್ ಕೊಂಡು ತಂದಳು. ಬೀದಿಯಲ್ಲಿ ಅಂಗಾತ ಮಲಗಿ, ಘೇಂಡಾಮೃಗದ ಅಡಿಗೆ ತೆವಳಿ, ನಮ್ಮಿಬ್ಬರಿಗೂ ಎರಡು ಕೈ ಹೊಡೆದಳು.